ಜಗಲಿಯ ಆಟಗಳು

ಮಲೆನಾಡಿನ ಆಷಾಢಮಾಸವನ್ನು ಕಂಡವರಿಗೆ ಮಳೆಯೆಂದರೇನೆಂಬುದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ನಮ್ಮ ಬಾಲ್ಯದಲ್ಲಿ ಒಮ್ಮೆ ಹಿಡಿದ ಮಳೆ ಎಂಟು ಹತ್ತು ದಿನಗಳವರೆಗೆ ಬಿಡುತ್ತಿರಲಿಲ್ಲ. ಹಳ್ಳ ತುಂಬಿ ಅದರ ಮೇಲಿನ ಸಂಕ ಕೊಚ್ಚಿಹೋಯಿತೆಂದರೆ ಮಕ್ಕಳಿಗೆ ಶಾಲೆಯ ದಾರಿ ಮುಚ್ಚಿದಂತೆಯೇ. ದೊಡ್ಡವರಿಗೂ ಗದ್ದೆಯಿಂದ ಬಂದು ಕಂಬಳಿಕೊಪ್ಪೆಯನ್ನು ಒಲೆಯ ಬಳಿ ಹರವಿದ ಮೇಲೆ ಮಾಡಲು ಹೆಚ್ಚಿನ ಕೆಲಸವಿರುತ್ತಿರಲಿಲ್ಲ. ಆಗ ನಮ್ಮ ಮನೆಯ ಜಗಲಿಯ ಕೆಂಪು ನೆಲದ ಮೇಲೆ ಯಾರಾದರೊಬ್ಬರು ಸೀಮೆಸುಣ್ಣದಿಂದ ಒಂದು ಚೌಕವನ್ನು ಬರೆಯುತ್ತಿದ್ದರು. ಅದನ್ನು ಕಂಡೊಡನೆ ಕರೆಯದಿದ್ದರೂ ಮನೆಯವರೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ಸೇರುತ್ತಿದ್ದರು. ಅಡುಗೆಮನೆಯಲ್ಲಿ ಹಲಸಿನ ಬೀಜ ಸುಡುವ ವಾಸನೆ ಏಳುತ್ತಿತ್ತು. ಹೊರಗೆ ಸೂರಿನ ನೀರು ಧಾರೆಕಟ್ಟಿ ಸುರಿಯುತ್ತಿದ್ದರೆ ಒಳಗೆ ಚೌಕಾಬಾರ ನಡೆಯುತ್ತಿತ್ತು.

ಚೌಕಾಬಾರಕ್ಕೆ ಬೇಕಾದ ಸಾಮಗ್ರಿ ಬಹಳ ಅಲ್ಪ. ಅಡ್ಡ ಐದು, ಉದ್ದ ಐದು, ಹೀಗೆ ಇಪ್ಪತ್ತೈದು ಮನೆಗಳ ಒಂದು ಚೌಕ, ನಾಲ್ಕು ಕವಡೆ, ಒಬ್ಬೊಬ್ಬ ಆಟಗಾರನಿಗೆ ನಾಲ್ಕು ನಾಲ್ಕು ಕಾಯಿ. ಕಾಯಿಗಳಾಗಿ ಒಬ್ಬರು ಬಳೆಚೂರನ್ನು, ಒಬ್ಬರು ಅಡಕೆಯ ಹೋಳನ್ನು, ಇನ್ನೊಬ್ಬರು ಹೊಳೆಯ ಬೆಣಚುಕಲ್ಲನ್ನು ಇಟ್ಟುಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಕವಡೆಗಳಿದ್ದರೂ ಅಜ್ಜಿಗೆ ಅವುಗಳಿಗಿಂತ ಹುಣಿಸೆಬೀಜವೇ ಪ್ರಿಯವಾಗಿತ್ತು. ದಪ್ಪನೆಯ ನಾಲ್ಕು ಬೀಜಗಳನ್ನು ಆರಿಸಿ, ಒರಟು ಕಲ್ಲಿನ ಮೇಲೆ ಒಂದು ಮಗ್ಗುಲನ್ನಷ್ಟೇ ತೇಯ್ದು ಬೆಳ್ಳಗೆ ಮಾಡಿದರೆ ಆಟಕ್ಕೆ ಸಿದ್ಧ. ಕವಡೆಯಾದರೆ ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು. ಹುಣಿಸೆಬೀಜವಾದರೆ ಬಿಳಿಯ ಮಗ್ಗುಲು ಮೇಲಾದವನ್ನು. ಒಂದು, ಎರಡು, ಮೂರು ಬಿದ್ದರೆ ಅಷ್ಟೇ ಮನೆಗಳ ನಡೆ. ನಾಲ್ಕೂ ಬೆಳ್ಳಗೆ ಬಿದ್ದರೆ ಅದು ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪಗೆ ಬಿದ್ದರೆ ಎಂಟು ಮನೆ. ಅದಕ್ಕೆ ಬಾರ ಎಂದು ಹೆಸರು. ಚೌಕವೋ ಬಾರವೋ ಬಿದ್ದವನಿಗೆ ಇನ್ನೊಂದು ಎಸೆತವೂ ಲಭಿಸುತ್ತದೆ. ಆಟದ ಹೆಸರು ಹುಟ್ಟಿರುವುದು ಈ ಎರಡರಿಂದಲೇ.

ಆಟಗಾರನ ಮನೆ ಚೌಕದ ತನ್ನ ಕಡೆಯ ಅಂಚಿನ ನಡುಮಧ್ಯದಲ್ಲಿರುತ್ತದೆ. ಆ ಮನೆಗೆ ಅಡ್ಡಗೆರೆಗಳ ಗುರುತು ಇರುತ್ತದೆ. ಅಲ್ಲಿ ಕುಳಿತ ಕಾಯನ್ನು ಯಾರೂ ಹೊಡೆಯುವಂತಿಲ್ಲ. ಅಲ್ಲಿಂದ ಹೊರಟ ಕಾಯಿ ಹೊರಸುತ್ತಿನ ಹದಿನಾರು ಮನೆಗಳಲ್ಲಿ ಎಡಸುತ್ತಾಗಿ ನಡೆದು, ಒಳಸುತ್ತಿನ ಎಂಟು ಮನೆಗಳಲ್ಲಿ ಬಲಸುತ್ತಾಗಿ ತಿರುಗಿ, ಕೊನೆಗೆ ನಟ್ಟನಡುವಿನ ಮನೆಯನ್ನು ಸೇರಬೇಕು. ದಾರಿಯಲ್ಲಿ ಬೇರೆಯವರ ಕಾಯಿ ಇರುವ ಮನೆಗೆ ಸರಿಯಾಗಿ ಬಂದು ನಿಂತರೆ ಆ ಕಾಯನ್ನು ಕಡಿದಂತೆ. ಕಡಿಸಿಕೊಂಡ ಕಾಯಿ ತನ್ನ ಮನೆಗೆ ಹಿಂತಿರುಗಿ ಮೊದಲಿನಿಂದ ನಡೆಯಬೇಕು. ಈ ಆಟದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನು ಒಳಸುತ್ತಿಗೆ ಪ್ರವೇಶಿಸುವಂತಿಲ್ಲ. ಅವನ ಕಾಯಿಗಳು ಹೊರಸುತ್ತಿನಲ್ಲಿಯೇ ಕಾದಿರಬೇಕು. ನಡುಮನೆ ಸೇರಿದ ಕಾಯನ್ನು ಕನ್ನಡಿಗರು ‘ಹಣ್ಣು’ ಎಂದು ಕರೆಯುತ್ತಾರೆ. ನಾಲ್ಕು ಕಾಯಿಗಳನ್ನೂ ಮೊದಲು ಹಣ್ಣು ಮಾಡಿದವನೇ ಗೆದ್ದವನು. ಕಾಯಿ ಹಣ್ಣಾಗುವ ಈ ಮಾತನ್ನು ಕಂಡುಹಿಡಿದವರು ಯಾರೋ ತಿಳಿಯದು; ತೋಟದ ಬಾಳನ್ನು ಬಲ್ಲವರೇ ಆಗಿರಬೇಕು.

ನೋಡುವುದಕ್ಕೆ ಅದೃಷ್ಟದ ಆಟವಾಗಿ ತೋರುವ ಚೌಕಾಬಾರದಲ್ಲಿ ಲೆಕ್ಕವೂ ಅಡಗಿದೆ. ಬೀಜದ ಎರಡು ಮಗ್ಗುಲುಗಳೂ ಸಮವಾಗಿ ಬೀಳುವುವೆಂದು ಭಾವಿಸೋಣ. ಆಗ ನಾಲ್ಕು ಬೀಜಗಳು ಬೀಳಬಹುದಾದ ರೀತಿಗಳು ಒಟ್ಟು ಹದಿನಾರು. ಅವುಗಳಲ್ಲಿ ನಾಲ್ಕು ರೀತಿಗಳಲ್ಲಿ ಒಂದು, ಆರು ರೀತಿಗಳಲ್ಲಿ ಎರಡು, ನಾಲ್ಕು ರೀತಿಗಳಲ್ಲಿ ಮೂರು ಬೀಳುತ್ತದೆ. ಚೌಕಕ್ಕೆ ಒಂದೇ ರೀತಿ, ಬಾರಕ್ಕೂ ಒಂದೇ. ಆದುದರಿಂದ ಎರಡು ಬೀಳುವ ಸಂಭವವೇ ಎಲ್ಲಕ್ಕಿಂತ ಹೆಚ್ಚು. ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಲ್ಲುವುದು ಅಪಾಯವೆಂದು ಅಜ್ಜಿ ಹೇಳುತ್ತಿದ್ದುದು ಇದಕ್ಕಾಗಿಯೇ. ಅವಳು ಶಾಲೆಯ ಮೆಟ್ಟಿಲನ್ನು ಹತ್ತಿದವಳಲ್ಲ. ಸರಾಸರಿಯಾಗಿ ಒಂದು ಎಸೆತಕ್ಕೆ ಎರಡೂವರೆ ಮನೆಗಳ ನಡೆ ದೊರೆಯುತ್ತದೆ. ಒಂದು ಕಾಯಿ ಹಣ್ಣಾಗಲು ಇಪ್ಪತ್ತನಾಲ್ಕು ಮನೆ ನಡೆಯಬೇಕು. ನಾಲ್ಕು ಕಾಯಿಗಳಿಗೆ ತೊಂಬತ್ತಾರು. ಯಾರೂ ಕಡಿಯದಿದ್ದರೂ ಸುಮಾರು ನಲವತ್ತು ಎಸೆತಗಳಾದರೂ ಬೇಕಾಗುತ್ತವೆ. ಕಡಿತಗಳು ಸೇರಿದರೆ ಒಂದು ಆಟಕ್ಕೆ ಒಂದು ಮಧ್ಯಾಹ್ನ ಸಾಲದು. ಕವಡೆಯ ವಿಷಯ ಬೇರೆ. ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಎರಡು ಮಗ್ಗುಲುಗಳೂ ಸಮವಾಗಿ ಬೀಳಲೇಬೇಕೆಂಬ ನಿಯಮವಿಲ್ಲ. ಸಂದೇಹವಿದ್ದವರು ಒಂದು ಕವಡೆಯನ್ನು ನೂರು ಸಲ ಎಸೆದು ಬರೆದಿಟ್ಟು ನೋಡಬಹುದು.

ನನಗೆ ಹತ್ತು ವರ್ಷವಾಗಿದ್ದಾಗ ಅಜ್ಜಿಯ ಕಣ್ಣು ಮಂಜಾಗತೊಡಗಿತ್ತು. ಬೀಜಗಳು ಹೇಗೆ ಬಿದ್ದುವೆಂದು ಅವಳು ಬೆರಳಿನಿಂದ ಸವರಿ ತಿಳಿಯುತ್ತಿದ್ದಳು. ಒಂದು ದಿನ ನಾವಿಬ್ಬರೇ ಆಡುತ್ತಿದ್ದೆವು. ನನ್ನ ಕೊನೆಯ ಕಾಯಿ ನಡುಮನೆಗೆ ಒಂದು ಮನೆ ದೂರದಲ್ಲಿತ್ತು. ಒಂದು ಬೀಳಬೇಕಾದಲ್ಲಿ ಮತ್ತೆ ಮತ್ತೆ ಎರಡೋ ಮೂರೋ ಬೀಳುತ್ತಿತ್ತು. ಅಜ್ಜಿ ಎಲೆಯಡಕೆಯ ತಟ್ಟೆಯ ಕಡೆಗೆ ತಿರುಗಿದಾಗ ನಾನು ಕಾಯನ್ನು ಮೆಲ್ಲನೆ ಒಳಕ್ಕೆ ಸರಿಸಿ, “ಹಣ್ಣಾಯಿತು” ಎಂದು ಕೂಗಿದೆ. ಅಜ್ಜಿ ಏನೂ ಅನ್ನಲಿಲ್ಲ. ಬೀಜಗಳನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಎದ್ದುಹೋದಳು. ಮರುದಿನ ಚೌಕ ಬರೆದು ಕರೆದರೆ ಅವಳು ಬರಲಿಲ್ಲ. “ನೀನೊಬ್ಬನೇ ಆಡು, ಮಗು. ಎರಡೂ ಕಡೆಯ ಕಾಯನ್ನು ನೀನೇ ನಡೆಸು. ಆಗ ಯಾವಾಗಲೂ ನೀನೇ ಗೆಲ್ಲುತ್ತೀಯೆ” ಎಂದಳು. ಸಿಟ್ಟಿನಿಂದಲ್ಲ, ಹವಾಮಾನದ ವಿಷಯ ಹೇಳುವವಳಂತೆ ಹೇಳಿದಳು. ನಾನು ಒಬ್ಬನೇ ಕುಳಿತು ಆಡಿ ನೋಡಿದೆ. ಕಾಲು ಗಂಟೆಯಲ್ಲಿ ಬೇಸರವಾಯಿತು. ಐದು ದಿನಗಳ ಮೇಲೆ ಅಜ್ಜಿಯ ಬಳಿಗೆ ಹೋಗಿ ನಿಜವನ್ನು ಒಪ್ಪಿಕೊಂಡೆ. ಅವಳು ಸೆರಗಿನ ಗಂಟು ಬಿಚ್ಚಿದಳು. ಆ ಐದು ದಿನವೂ ಬೀಜಗಳು ಅಲ್ಲಿಯೇ ಇದ್ದುವು.

ಇಂಥ ಆಟಗಳು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದಲೂ ಇವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳುಳ್ಳ ಈ ಗ್ರಂಥದಲ್ಲಿ ರಾಜನೀತಿ, ಅಡುಗೆ, ಸಂಗೀತಗಳ ಜೊತೆಗೆ ಚತುರಂಗ, ಪಗಡೆದಾಳದ ಆಟ, ಕವಡೆಯಾಟಗಳ ವಿವರಣೆಯೂ ಬರುತ್ತದೆ. ರಾಜನಾದವನು ಕವಡೆಯಾಟವನ್ನು ಬರೆದಿಡುವುದಕ್ಕೆ ತಕ್ಕ ವಿಷಯವೆಂದು ಭಾವಿಸಿದ್ದುದು ಗಮನಾರ್ಹ. ಅರಸರ ಆಟವನ್ನು ಗ್ರಂಥ ಕಾಪಾಡಿತು. ಜನಸಾಮಾನ್ಯರ ಆಟವನ್ನು ಕಲ್ಲು ಕಾಪಾಡಿತು. ಹಂಪೆಗೆ ಹೋದವರು ಮಂಟಪಗಳ ನೆಲಗಟ್ಟನ್ನು ಸ್ವಲ್ಪ ಬಗ್ಗಿ ನೋಡಬೇಕು. ಕಂಬಗಳ ಶಿಲ್ಪವನ್ನು ನೋಡಿ ಮೇಲೆಯೇ ಕಣ್ಣಿಟ್ಟು ಹೋಗುವವರಿಗೆ ಕಾಣದ ಆಟದ ಗೆರೆಗಳು ಕಾಲಡಿಯ ಬಂಡೆಗಳಲ್ಲಿ ಕೊರೆದಿವೆ. ಕಾವಲುಗಾರರೋ ಕಲ್ಲುಕುಟಿಗರೋ ಸಂತೆಗೆ ಬಂದವರೋ, ಹೊತ್ತು ಕಳೆಯಲು ಕುಳಿತವರು ಅಲ್ಲಿ ಆಡಿದ್ದಾರೆ. ಉತ್ತರದಲ್ಲಿ ಫತೇಪುರ ಸಿಕ್ರಿಯ ಅರಮನೆಯ ಅಂಗಳದಲ್ಲಿ ಪಚ್ಚೀಸಿಯ ಹಾಸು ದೊಡ್ಡದಾಗಿ ಕಲ್ಲಿನಲ್ಲಿಯೇ ರಚಿತವಾಗಿದೆ. ಪಗಡೆಯ ಹಾಸಾದರೋ ನಾಲ್ಕು ತೋಳುಗಳುಳ್ಳ ಬಟ್ಟೆ. ಒಂದೊಂದು ತೋಳಿನಲ್ಲಿ ಮೂರು ಸಾಲು, ಸಾಲಿಗೆ ಎಂಟು ಮನೆ. ಇದೇ ವಂಶದ ಆಟವು ಸಮುದ್ರ ದಾಟಿ ಹೋಗಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರಿನಿಂದ ಹಕ್ಕುಪತ್ರ ಪಡೆದು, ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಅಂಗಡಿಗಳಿಗೇ ಮರಳಿ ಬಂದಿತು. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ನಿದ್ದೆ ತಡೆಯಲೆಂದು ಹಿರಿಯರು ಆಡುತ್ತಿದ್ದ ಪರಮಪದ ಸೋಪಾನಪಟವೂ ಹಾಗೆಯೇ ಹಾವು–ಏಣಿಯ ಆಟವಾಗಿ ಹಿಂತಿರುಗಿತು. ಪ್ರಯಾಣದಲ್ಲಿ ಅದು ಏಣಿಗಳ ಮೇಲೆ ಬರೆದಿದ್ದ ಪುಣ್ಯಗಳ ಹೆಸರನ್ನೂ ಹಾವುಗಳ ಮೇಲಿದ್ದ ಪಾಪಗಳ ಹೆಸರನ್ನೂ ಕಳೆದುಕೊಂಡಿತ್ತು.

ಕರ್ನಾಟಕದಲ್ಲಿ ಮನೆಯೊಳಗಿನ ಆಟಗಳ ವಿಷಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಷ್ಟು ಆಸ್ಥೆ ವಹಿಸಿದ ದೊರೆ ಮತ್ತೊಬ್ಬರಿಲ್ಲವೆನ್ನಬಹುದು. 1794ರಲ್ಲಿ ಜನಿಸಿದ ಅವರು ಐದು ವರ್ಷದ ಬಾಲಕರಾಗಿದ್ದಾಗಲೇ ಮೈಸೂರಿನ ಸಿಂಹಾಸನವನ್ನೇರಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಾವೇ ವಹಿಸಿಕೊಂಡ ಮೇಲೆ ಅರಸರ ಕೈಯಲ್ಲಿ ರಾಜ್ಯಭಾರ ಉಳಿಯಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ವಿದ್ವಾಂಸರಿಗೂ ಕಲಾವಿದರಿಗೂ ಆಶ್ರಯವಾಗಿದ್ದರು. ಒಂಬತ್ತು ನಿಧಿಗಳ ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥ ಅವರ ಹೆಸರಿನಲ್ಲಿದೆ. ಅದರ ಕೊನೆಯ ಭಾಗವಾದ ಕೌತುಕನಿಧಿ ಆಟಗಳಿಗೆ ಮೀಸಲಾದುದು. ಚದುರಂಗದ ಕುದುರೆಯು ಅರವತ್ತುನಾಲ್ಕು ಮನೆಗಳಲ್ಲಿ ಯಾವ ಮನೆಯನ್ನೂ ಎರಡು ಸಲ ಮುಟ್ಟದೆ ಎಲ್ಲವನ್ನೂ ಸುತ್ತಿಬರುವ ನಡೆಗಳನ್ನು ಅವರು ರಚಿಸಿದರು. ಇದು ಕೇಳುವುದಕ್ಕೆ ಸುಲಭ. ಕಾಗದ ಹಿಡಿದು ಕುಳಿತವರಿಗೇ ಅದರ ಕಷ್ಟ ಗೊತ್ತು.

ಗಂಜೀಫಾ ಎಂಬ ಎಲೆಯಾಟವನ್ನು ಒಡೆಯರು ವಿಶೇಷವಾಗಿ ಬೆಳೆಸಿದರು. ಗಂಜೀಫಾದ ಎಲೆಗಳು ಇಂದಿನ ಇಸ್ಪೀಟಿನಂತೆ ಚೌಕವಾಗಿರದೆ ನಾಣ್ಯದಂತೆ ದುಂಡಗಿರುತ್ತವೆ. ಮೊಗಲರ ಕಾಲದಲ್ಲಿಯೇ ಇವು ಪ್ರಸಿದ್ಧವಾಗಿದ್ದುವು. ಬಾಬರನು 1527ರಲ್ಲಿ ಸಿಂಧ್ ಪ್ರಾಂತದ ಮಿತ್ರನೊಬ್ಬನಿಗೆ ಗಂಜೀಫಾ ಕಳುಹಿಸಿದ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲ ಗಂಜೀಫಾದಲ್ಲಿ ಎಂಟು ಬಣ್ಣ, ತೊಂಬತ್ತಾರು ಎಲೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಒಂದರಂತೆ ಹತ್ತು ಬಣ್ಣ, ಒಂದೊಂದು ಬಣ್ಣಕ್ಕೆ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು ನೂರಿಪ್ಪತ್ತು. ಐದು ಬಣ್ಣಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದಾದರೆ ಉಳಿದ ಐದರಲ್ಲಿ ಕ್ರಮ ತಲೆಕೆಳಗಾಗಿ ಒಂದೇ ದೊಡ್ಡದು! ಹಗಲಿನಲ್ಲಿ ಆಡಿದರೆ ರಾಮನ ಎಲೆಯಿದ್ದವನು, ಇರುಳಿನಲ್ಲಿ ಆಡಿದರೆ ಕೃಷ್ಣನ ಎಲೆಯಿದ್ದವನು ಆಟವನ್ನು ಆರಂಭಿಸಬೇಕು. ಇಷ್ಟನ್ನೆಲ್ಲ ನೆನಪಿನಲ್ಲಿಟ್ಟು ಆಡಬೇಕಾದ ಆಟದಲ್ಲಿ ಆಕಳಿಸುವುದಕ್ಕೆ ಅವಕಾಶವೆಲ್ಲಿ? ಮುಮ್ಮಡಿಯವರಿಗೆ ಇದೂ ಸಾಲದೆಂದು ತೋರಿತೇನೋ. ಹದಿನೆಂಟು ಬಣ್ಣಗಳವರೆಗೆ, ಮುನ್ನೂರರವತ್ತು ಎಲೆಗಳವರೆಗೆ ವಿಸ್ತರಿಸುವ ‘ಚಾಡ್’ ಎಂಬ ಆಟಗಳನ್ನು ಅವರು ಹೊಸದಾಗಿ ಕಲ್ಪಿಸಿದರು. ದಂತ, ಮರ, ಅರಗು ಮೆತ್ತಿದ ಬಟ್ಟೆಗಳ ಮೇಲೆ ಚಿತ್ರಗಾರರು ಆ ಎಲೆಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಅಚ್ಚಿನಲ್ಲಿ ಮುದ್ರಿತವಾದ ಅಗ್ಗದ ಐವತ್ತೆರಡು ಎಲೆಗಳ ಕಟ್ಟು ಬಂದ ಮೇಲೆ ಗಂಜೀಫಾ ಆಡುವವರು ವಿರಳವಾದರು. ಮೈಸೂರಿನ ಗಂಜೀಫಾ ಇಂದು ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲೆಯಾಗಿ ಉಳಿದಿದೆ. ಗೋಡೆಗೆ ತೂಗುಹಾಕಿದ ಎಲೆ ಚೆಲುವಾಗಿಯೇ ಕಾಣುತ್ತದೆ. ಆದರೆ ಎಲೆಯನ್ನು ಬರೆದುದು ಕೈಯಲ್ಲಿ ಹಿಡಿಯುವುದಕ್ಕೆ.

ನಮ್ಮ ತಾಯಿಯ ತವರು ಘಟ್ಟದ ಕೆಳಗೆ. ಅಲ್ಲಿಂದ ಅವಳು ತಂದಿದ್ದ ಹಲಸಿನ ಮರದ ಚೆನ್ನೆಮಣೆ ನಮ್ಮ ಮನೆಯ ಅಟ್ಟದಲ್ಲಿತ್ತು. ಬಯಲುಸೀಮೆಯವರು ಇದನ್ನು ಅಳಗುಳಿಮಣೆಯೆನ್ನುತ್ತಾರೆ. ಸಾಲಿಗೆ ಏಳರಂತೆ ಎರಡು ಸಾಲು ಗುಳಿ. ಗುಳಿಗೆ ನಾಲ್ಕರಂತೆ ಐವತ್ತಾರು ಬೀಜ. ಕೆಲವೆಡೆ ಐದರಂತೆ ತುಂಬುವುದೂ ಉಂಟು. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿಕೊಂಡು ಮತ್ತೆ ಬಿತ್ತಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಡಿದವರಿಗೆ ಸೇರುತ್ತದೆ. ಇಲ್ಲಿ ದಾಳವಿಲ್ಲ, ಕವಡೆಯಿಲ್ಲ. ಆದ್ದರಿಂದ ಅದೃಷ್ಟವನ್ನು ಹಳಿಯುವಂತಿಲ್ಲ. ಯಾವ ಗುಳಿಯಿಂದ ಹೊರಟರೆ ಎಲ್ಲಿ ನಿಲ್ಲುವೆನೆಂಬುದನ್ನು ಮುಂಚಿತವಾಗಿಯೇ ಮನಸ್ಸಿನಲ್ಲಿ ನಡೆದು ನೋಡಬೇಕು. ನಮ್ಮ ತಾಯಿ ಬೀಜಗಳನ್ನು ಮುಟ್ಟದೆ, ಕಣ್ಣಿನಿಂದಲೇ ಎರಡು ಸುತ್ತು ಲೆಕ್ಕಹಾಕಿ ಬಿಡುತ್ತಿದ್ದಳು.

ಆದರೆ ನಾನೂ ನನ್ನ ಅಕ್ಕನೂ ಚೆನ್ನೆಮಣೆಗೆ ಎದುರುಬದುರಾಗಿ ಕುಳಿತರೆ ಅಮ್ಮ ಒಡನೆಯೇ ಮಣೆಯನ್ನು ಎತ್ತಿಡುತ್ತಿದ್ದಳು. ಒಡಹುಟ್ಟಿದವರು ಚೆನ್ನೆ ಆಡಬಾರದೆಂಬುದು ತುಳುನಾಡಿನ ನಂಬಿಕೆ. ಇದಕ್ಕೆ ಆಧಾರವಾದ ಕಥೆ ತುಳುವರ ಸಿರಿ ಪಾಡ್ದನದಲ್ಲಿದೆ. ಅಬ್ಬಗ, ದಾರಗ ಎಂಬ ಅವಳಿ ಸಹೋದರಿಯರು ಹಿರಿಯರು ಮನೆಯಲ್ಲಿಲ್ಲದ ವೇಳೆ ಚೆನ್ನೆಯಾಡಲು ಕುಳಿತರು. ಆಟದಲ್ಲಿ ಮಾತಿಗೆ ಮಾತು ಬೆಳೆಯಿತು. ಸಿಟ್ಟಿಗೆದ್ದ ಒಬ್ಬಳು ಆ ಮಣೆಯಿಂದಲೇ ಇನ್ನೊಬ್ಬಳ ತಲೆಗೆ ಹೊಡೆದಳು. ತಂಗಿಯೂ ಗೆಳತಿಯೂ ಆಗಿದ್ದವಳು ಕಣ್ಣೆದುರಿನಲ್ಲಿ ಸತ್ತುಬಿದ್ದುದನ್ನು ಕಂಡು ಹೊಡೆದವಳೂ ಬದುಕಿ ಉಳಿಯಲಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೋ ಅವರು ನಮ್ಮ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಪ್ರಕಟವಾದಾಗ ಅದು 15,683 ಸಾಲುಗಳಷ್ಟಾಗಿತ್ತು. ಅಷ್ಟು ದೀರ್ಘವಾದ ಕಥೆ ತುತ್ತತುದಿಯಲ್ಲಿ ಒಂದು ಆಟದ ಮಣೆಗೆ ಬಂದು ನಿಲ್ಲುತ್ತದೆಂಬುದನ್ನು ನಾನು ತಿಳಿದುಕೊಂಡುದು ದೊಡ್ಡವನಾದ ಮೇಲೆ. ಚಿಕ್ಕವನಾಗಿದ್ದಾಗ, ಅಮ್ಮ ಮಣೆಯನ್ನು ಕಸಿದುಕೊಂಡುದು ಅನ್ಯಾಯವೆಂದೇ ಅಳುತ್ತಿದ್ದೆ. ಆಟದಲ್ಲಿ ಏಳುವ ಸಿಟ್ಟು ಎಷ್ಟು ನಿಜವಾದುದೆಂಬುದನ್ನು ಹಾಡು ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಹುಲಿ–ಕುರಿಯ ಆಟಕ್ಕೆ ಇಂಥ ನಿಷೇಧವಿರಲಿಲ್ಲ. ಅದನ್ನು ನಾನೂ ಅಕ್ಕನೂ ದನ ಕಾಯುವಾಗ ಬಂಡೆಯ ಮೇಲೆ ಇದ್ದಿಲಿನಿಂದ ಬರೆದು ಆಡುತ್ತಿದ್ದೆವು. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಕುರಿಗೆ ತಿನ್ನುವ ಶಕ್ತಿಯಿಲ್ಲ. ಅದು ಮಾಡಬಹುದಾದುದು ಒಂದೇ: ಒಂದರ ಬೆನ್ನಿಗೆ ಒಂದು ಒತ್ತಿ ನಿಂತು ಹುಲಿ ಕದಲದಂತೆ ಕಟ್ಟಿಹಾಕುವುದು. ಅಕ್ಕ ಯಾವಾಗಲೂ ಕುರಿಗಳನ್ನೇ ಕೇಳಿ ಪಡೆಯುತ್ತಿದ್ದಳು, ಹೆಚ್ಚಾಗಿ ಗೆಲ್ಲುತ್ತಲೂ ಇದ್ದಳು.

ಇನ್ನು ಇಸ್ಪೀಟಿನ ವಿಷಯ. ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿಯೂ ಒಂದು ಕಟ್ಟು ಎಲೆಗಳಿದ್ದುವು. ನಾವು ಮಕ್ಕಳು ಅದರಲ್ಲಿ ‘ಕತ್ತೆ’ ಎಂಬ ಆಟವನ್ನು ಆಡುತ್ತಿದ್ದೆವು. ಕೊನೆಯಲ್ಲಿ ಕೈಯಲ್ಲಿ ಎಲೆ ಉಳಿದವನು ಕತ್ತೆ. ಅವನು ಆ ದಿನ ಎಲ್ಲರ ಪರಿಹಾಸ್ಯಕ್ಕೆ ಗುರಿ. ಇಷ್ಟೇ ಅದರಲ್ಲಿದ್ದ ನಷ್ಟ. 1971ರ ಒಂದು ಸಂಜೆ ನಮ್ಮ ತಂದೆ ಆ ಕಟ್ಟನ್ನು ತೆಗೆದುಕೊಂಡು ಹೋಗಿ ಬಚ್ಚಲೊಲೆಗೆ ಹಾಕಿದರು. ಯಾರೂ ಕಾರಣ ಕೇಳಲಿಲ್ಲ; ಎಲ್ಲರಿಗೂ ಗೊತ್ತಿತ್ತು. ಆಗಿನ್ನೂ ಮದುವೆಯಾಗಿರದ ನಮ್ಮ ಚಿಕ್ಕಪ್ಪ ಸಂತೆಯ ದಿನ ಪೇಟೆಯಲ್ಲಿ ಉಳಿದು, ಹಣ ಕಟ್ಟಿ ಎಲೆಯಾಡುವುದನ್ನು ಕಲಿತಿದ್ದರು. ಮೊದಲು ಗೆದ್ದರಂತೆ. ಆಮೇಲೆ ಸೋತರು, ಸೋತದ್ದನ್ನು ಮರಳಿ ಪಡೆಯಲು ಹೋಗಿ ಇನ್ನಷ್ಟು ಸೋತರು. ಕೊನೆಗೆ ಇನ್ನೂ ಮರದ ಮೇಲಿದ್ದ ಅಡಕೆಯ ಫಸಲಿನ ಮೇಲೆ ಸಾಲಪತ್ರ ಬರೆದುಕೊಟ್ಟಿದ್ದರು. ಅದನ್ನು ಬಿಡಿಸಿಕೊಳ್ಳಲು ಅಮ್ಮನ ಬಳೆಗಳು ಮನೆಯಿಂದ ಹೊರಗೆ ಹೋದುವು. ದ್ಯೂತಸಭೆಯಲ್ಲಿ ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಮಡದಿಯನ್ನೂ ಪಣವಿಟ್ಟು ಸೋತ ಪ್ರಸಂಗವನ್ನು ನಾವೆಲ್ಲರೂ ಬಯಲಾಟದಲ್ಲಿ ಕಂಡಿದ್ದೆವು. ಅದು ದೂರದ ಹಸ್ತಿನಾವತಿಯಲ್ಲಿ ನಡೆದ ಸಂಗತಿಯೆಂದು ನಾನು ತಿಳಿದಿದ್ದೆ.

ಚಿಕ್ಕಪ್ಪ ಅಜ್ಜಿಯ ಪಾದ ಮುಟ್ಟಿ, ಇನ್ನು ಆಟದ ಸಾಮಾನನ್ನು ಕೈಯಿಂದ ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಆ ಮಾತಿಗೆ ಅವರು ತಪ್ಪಲೂ ಇಲ್ಲ. ಆದರೆ ತಂದೆ ಅವರೊಡನೆ ಮಾತು ನಿಲ್ಲಿಸಿಬಿಟ್ಟಿದ್ದರು. ಚಿಕ್ಕಪ್ಪ ತೋಟದಾಚೆಯ ಕಣದ ಮನೆಗೆ ಹೋಗಿ, ತಾವೇ ಬೇಯಿಸಿಕೊಂಡು ಇರತೊಡಗಿದರು. ಒಂದೇ ತೋಟದಲ್ಲಿ ಅಣ್ಣತಮ್ಮಂದಿರು ಕೆಲಸ ಮಾಡುತ್ತಿದ್ದರೂ ಹೇಳಬೇಕಾದುದನ್ನು ಆಳುಗಳ ಮೂಲಕ ಹೇಳಿಸುತ್ತಿದ್ದರು. ಹೀಗೆ ಮೂರು ವರ್ಷಗಳು ಕಳೆದುವು. ಎರಡು ಮನೆಗಳ ನಡುವಿನ ತಡಮೆಯನ್ನು ದಾಟಿ ಹೋಗಿಬರುತ್ತಿದ್ದವಳು ಅಜ್ಜಿಯೊಬ್ಬಳೇ.

1974ರ ಮಳೆಗಾಲದಲ್ಲಿ ಅಜ್ಜಿ ಅಂಗಳದ ಪಾಚಿಯ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡಳು. ಜಗಲಿಯಲ್ಲಿ ತಗ್ಗಾದ ಮಂಚ ಹಾಕಿ ಅವಳನ್ನು ಮಲಗಿಸಿದ್ದೆವು. ಚಿಕ್ಕಪ್ಪ ದಿನವೂ ತಂದೆ ತೋಟಕ್ಕೆ ಹೋದ ಹೊತ್ತು ನೋಡಿ ಬಂದು ಅವಳ ಬಳಿ ಕುಳಿತು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಮಳೆಯ ಅಬ್ಬರಕ್ಕೆ ತಂದೆ ತೋಟಕ್ಕೆ ಹೋಗಿರಲಿಲ್ಲ. ಅದನ್ನರಿಯದ ಚಿಕ್ಕಪ್ಪ ಜಗಲಿ ಹತ್ತಿದವರು ಅಲ್ಲಿಯೇ ನಿಂತರು. ಅಜ್ಜಿ ಮಂಚದ ಪಕ್ಕದಲ್ಲಿ ಚೌಕ ಬರೆಸಿ ನಮ್ಮನ್ನು ಕೂರಿಸಿಕೊಂಡಿದ್ದಳು. ಅವಳಿಗೆ ಬಗ್ಗಲಾಗದ್ದರಿಂದ ಅವಳ ಪರವಾಗಿ ಬೀಜ ಎಸೆಯುವುದು, ಕಾಯಿ ನಡೆಸುವುದು ನನ್ನ ಕೆಲಸ. ಅಕ್ಕ ಒಂದು ಕಡೆ, ತಂದೆ ಒಂದು ಕಡೆ. ನಾಲ್ಕನೆಯ ಕಡೆ ಬರಿದಾಗಿತ್ತು.

“ನಾಲ್ಕನೆಯವರಿಲ್ಲ. ಕೂಡು” ಎಂದಳು ಅಜ್ಜಿ.

ಚಿಕ್ಕಪ್ಪ ತೊದಲುತ್ತ, “ನಾನು ಮುಟ್ಟುವುದಿಲ್ಲವೆಂದು ನಿನ್ನ ಕಾಲು ಹಿಡಿದು ಆಣೆ ಮಾಡಿದ್ದೇನೆ, ಅಮ್ಮ” ಎಂದರು.

“ಆಣೆ ಹಾಕಿಸಿಕೊಂಡವಳು ನಾನು. ನೀನು ಬಿಟ್ಟದ್ದು ಜೂಜು, ಇದು ಆಟ. ಇಲ್ಲಿ ಸೋತವನ ಗಂಟೇನೂ ಹೋಗುವುದಿಲ್ಲ. ಕೂಡು.”

ತಂದೆ ತಲೆಯೆತ್ತಲಿಲ್ಲ; ಎದ್ದೂ ಹೋಗಲಿಲ್ಲ. ಚಿಕ್ಕಪ್ಪ ಒದ್ದೆ ಕಂಬಳಿಯನ್ನು ಕಂಬಕ್ಕೆ ತೂಗಿ, ಬರಿದಾದ ಕಡೆಯಲ್ಲಿ ಅಂಚಿಗೆ ಕುಳಿತರು. ಬೀಜಗಳನ್ನು ಎತ್ತಿಕೊಂಡಾಗ ಅವರ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ. ಮೊದಲ ಎಸೆತದಲ್ಲಿ ಒಂದು ಬೀಜ ಉರುಳಿ ಅಂಗಳಕ್ಕೇ ಬಿದ್ದಿತು. ಅಕ್ಕ ಓಡಿಹೋಗಿ ಮಳೆಯಲ್ಲಿ ಹುಡುಕಿ ತಂದಳು. ಆಟ ನಡೆಯಿತು. ಬೀಜ ಬೀಳುವ ಸದ್ದು, ಮಳೆಯ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಬಿದ್ದ ಸಂಖ್ಯೆಯನ್ನು ಸಹ ಅಕ್ಕನೇ ಎಲ್ಲರ ಪರವಾಗಿ ಹೇಳುತ್ತಿದ್ದಳು.

ತಂದೆಯ ಆಟ ಅಂದು ಕೈಹತ್ತಲಿಲ್ಲ. ಅವರು ಇನ್ನೂ ಯಾರನ್ನೂ ಕಡಿದಿರಲಿಲ್ಲವಾದುದರಿಂದ ಅವರ ಮೂರು ಕಾಯಿಗಳು ಹೊರಸುತ್ತಿನಲ್ಲಿಯೇ ನಿಂತುಬಿಟ್ಟಿದ್ದುವು. ಅಷ್ಟರಲ್ಲಿ ಚಿಕ್ಕಪ್ಪನ ಕಾಯೊಂದು ಬಂದು, ತಂದೆಯ ಕಾಯಿಗೆ ಸರಿಯಾಗಿ ಎರಡು ಮನೆ ಮುಂದೆ ನಿಂತಿತು. ಅದು ಆ ಕಾಯಿಯ ಹೊರಸುತ್ತಿನ ಕೊನೆಯ ಮನೆ. ತಂದೆ ಎಸೆದರು. ಎರಡು ಬೆಳ್ಳಗೆ, ಎರಡು ಕಪ್ಪಗೆ. “ಎರಡು” ಎಂದಳು ಅಕ್ಕ, ಬಹಳ ಮೆಲ್ಲನೆ. ತಂದೆ ಬೆರಳನ್ನು ಕಾಯಿಯ ಮೇಲಿಟ್ಟು ಹಾಗೆಯೇ ಕುಳಿತರು. ಬೇರೆ ಕಾಯನ್ನು ನಡೆಸಲೆಂದೋ ಏನೋ ಬೆರಳು ಒಮ್ಮೆ ಅತ್ತ ಹೋಗಿ ಮತ್ತೆ ಇತ್ತ ಬಂದಿತು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು.

“ಕಡಿ, ಅಣ್ಣ” ಎಂದರು ಚಿಕ್ಕಪ್ಪ. “ಕಡಿಯದೆ ಒಳಗೆ ಹೋಗುವುದು ಹೇಗೆ?”

ತಂದೆ ಕಡಿದರು. ಚಿಕ್ಕಪ್ಪನ ಕಾಯನ್ನು ತಾವೇ ಎತ್ತಿ, ಕೈಚಾಚಿ, ಅವರ ಅಂಗೈಯಲ್ಲಿಟ್ಟರು. ಕಡಿದವನಿಗೆ ಮತ್ತೊಂದು ಎಸೆತವೆಂಬುದು ನಮ್ಮ ಮನೆಯ ನಿಯಮ. ತಂದೆ ಮತ್ತೆ ಎಸೆದಾಗ ಬಾರ ಬಿದ್ದಿತು. ಚಿಕ್ಕಪ್ಪನೇ ಗಟ್ಟಿಯಾಗಿ “ಬಾರ!” ಎಂದು ಕೂಗಿಬಿಟ್ಟರು.

ಅಂದು ಗೆದ್ದವಳು ಅಕ್ಕ. ನಾವು ಇನ್ನೊಂದು ಆಟ ಹೂಡಿದಾಗ ಕತ್ತಲಾಗಿತ್ತು. ಲಾಟೀನು ತಂದು ಚೌಕದ ಪಕ್ಕದಲ್ಲಿಟ್ಟೆವು. ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು, ಊಟಕ್ಕೆ ಎಷ್ಟು ಎಲೆ ಹಾಕಲೆಂದು ಕೇಳಿದಳು. ತಂದೆ ಚೌಕದಿಂದ ಕಣ್ಣು ತೆಗೆಯದೆ, “ಒಂದು ಹೆಚ್ಚಿಗೆ ಹಾಕು” ಎಂದರು.